ಕಪಾಟು ಒಣಗುವ ತನಕ

ಆ ಮನೆಯಲ್ಲಿ ಸುಮ್ಮನೆ ಕೂರುವ ವಿದ್ಯೆ ಯಾರಿಗೂ ಬರುತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪೊರಕೆ. ಕಣ್ಣಿಗೆ ಪೊರೆ ಬಂದು ಕಸ ಕಾಣದಿದ್ದರೂ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಗುಡಿಸುತ್ತಿದ್ದಳು. ಅಪ್ಪ ಸಿಟಿ ಬಸ್ಸಿನ ಡ್ರೈವರು. ಡಿಪೋದಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡು, ಪ್ಲಾಸ್ಟರು ಹಾಕಿಸಿಕೊಂಡು ರಜೆಯ ಮೇಲೆ ಮನೆಯಲ್ಲಿದ್ದ. ಓಡಿಸಲು ಬಸ್ಸಿಲ್ಲದೆ ತನ್ನನ್ನೇ ಓಡಿಸಿಕೊಳ್ಳುತ್ತಿದ್ದ. ಮುಂದಿನ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮುಂದಿನ ಕೋಣೆಗೆ, ನಡುವೆ ಎಲ್ಲೂ ಸ್ಟಾಪಿಲ್ಲ. ಅಮ್ಮ ದಿಂಬು ತುಂಬುವವಳು. ಮುಂದಿನ ಕೋಣೆಯ ಅರ್ಧವನ್ನು ಹತ್ತಿಯ ಮೂಟೆಗಳು ನುಂಗಿದ್ದವು. ಉಳಿದರ್ಧದಲ್ಲಿ ಕೂತು ಅವಳು ಹತ್ತಿ ಹಿಂಜಿ, ತುಂಬಿ, ಬಾಯಿ ಹೊಲಿದು, ಎತ್ತಿ ಬಡಿದು ಗೋಡೆಗೆ ಒರಗಿಸುತ್ತಿದ್ದಳು. ಮಾತಾಡುವಾಗಲೂ ಅವಳ ಕೈ ನಿಲ್ಲುತ್ತಿರಲಿಲ್ಲ. ಜಗಳವಾಡುವಾಗ ಇನ್ನೂ ಚುರುಕಾಗುತ್ತಿತ್ತು.

ಇವರೆಲ್ಲರ ಚಡಪಡಿಕೆಯನ್ನು ಒಟ್ಟಿಗೆ ಹೊತ್ತು ಹುಟ್ಟಿದವಳು ಮಗಳು. ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದೇ ಅಪರೂಪ. ಗಡಿಬಿಡಿ ಎಂದೇ ಕರೆಯುತ್ತಿದ್ದಳು, ಅದಕ್ಕೆ ಅವಳು ಓಗೊಡುತ್ತಿದ್ದಳು ಕೂಡ.

ಮಗಳು ಮರದ ಸಾಮಾನಿನ ಕಾರ್ಖಾನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜುವ ಕೆಲಸದಲ್ಲಿದ್ದಳು. ಮೇಜು, ಕುರ್ಚಿ, ಬಾಗಿಲು, ಏನೇ ಬರಲಿ, ಉಜ್ಜುವುದು. ಸಂಜೆ ಮನೆಗೆ ಬರುವಾಗ ರೆಪ್ಪೆ, ಹುಬ್ಬು, ಕಿವಿಯ ಸಂದಿನಲ್ಲೆಲ್ಲ ಮರದ ಪುಡಿ. ಉಜ್ಜುವ ಸಾಲಿನ ಹಳಬರೆಲ್ಲ ಒಂದೇ ರಾಗದಲ್ಲಿ ಕೆಮ್ಮುತ್ತಿದ್ದರು. ಈಚೆಗೆ ಅವಳಿಗೂ ಆ ರಾಗ ಹತ್ತಿತ್ತು. ಅದೇ ಕಾರ್ಖಾನೆಯಲ್ಲಿ ಗಾಜಿನ ಬಾಗಿಲ ಹಿಂದೆ ಬಣ್ಣದ ಕೋಣೆ ಇತ್ತು. ಎಲ್ಲರೂ ಅದನ್ನು ಒಳಕೋಣೆ ಎನ್ನುತ್ತಿದ್ದರು. ಅಲ್ಲಿ ಗಾಳಿ ಎಳೆಯುವ ದೊಡ್ಡ ಫ್ಯಾನು, ಮುಖಕ್ಕೆ ಮಾಸ್ಕು, ನೆಲದಲ್ಲಿ ಒಂದು ಚಿಟಿಕೆ ಧೂಳಿಲ್ಲ. ನನ್ನನ್ನು ಅಲ್ಲಿಗೆ ಹಾಕಿ ಎಂದು ಮಗಳು ಮಾಲೀಕನನ್ನು ಕೇಳುತ್ತಲೇ ಇದ್ದಳು, ನೋಡೋಣ ಎಂದು ಅವನು ಹೇಳುತ್ತಲೇ ಇದ್ದ.

ಅಷ್ಟರಲ್ಲಿ ಒಂದು ಕಪಾಟು ವಾಪಸು ಬಂತು. ಹಲ್ಲಿನ ಡಾಕ್ಟರಮ್ಮ ಒಬ್ಬರು ತಮ್ಮ ಕ್ಲಿನಿಕ್ಕಿನ ಹೊಸ ಕೋಣೆಗೆಂದು ಮಾಡಿಸಿದ್ದ ಎರಡು ಬಾಗಿಲಿನ ಕಪಾಟು, ಕಡು ನೀಲಿ ಬಣ್ಣದ್ದು. ಅಲ್ಲಲ್ಲಿ ಬಣ್ಣ ಸೋರಿತ್ತು, ಮೈಯೆಲ್ಲ ತರಿತರಿಯಾಗಿತ್ತು. ಇದರ ಮೇಲೆ ಕೈಯಾಡಿಸಿದರೆ ನನ್ನ ಕೈಗವಸು ಹರಿಯುತ್ತದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರಂತೆ. ಒಳಕೋಣೆಯ ಹಿರಿಯ ಪೇಂಟರು, ಆ ಹೆಂಗಸಿನ ಕಣ್ಣಿಗೆ ಕನ್ನಡಿಯೂ ಒರಟೇ, ನಾನು ಇನ್ನೊಮ್ಮೆ ಮುಟ್ಟುವುದಿಲ್ಲ ಎಂದು ಮೂಗು ಮುರಿದ. ಮಾಲೀಕನಿಗೆ ತಲೆ ಬಿಸಿಯಾಗಿ ಸುತ್ತ ನೋಡಿದಾಗ ಉಜ್ಜುವ ಸಾಲಿನಲ್ಲಿ ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿದ್ದ ಹುಡುಗಿ ಕಂಡಳು.

"ನೋಡಮ್ಮ, ತುಂಬಾ ದಿನದಿಂದ ಕೇಳ್ತಿದ್ದೀಯಲ್ಲ. ಇದನ್ನ ಮನೆಗೆ ತಗೊಂಡು ಹೋಗಿ ಸರಿ ಮಾಡು. ತಿಂಗಳ ಕೊನೆಗೆ ಡಾಕ್ಟರಮ್ಮ ಬರ್ತಾರೆ. ಅವರು ಒಪ್ಪಿದ್ರೆ ನೀನು ಒಳಕೋಣೆಗೆ. ಒಪ್ಪದಿದ್ರೆ ಮತ್ತೆ ಆ ಮಾತು ಎತ್ತಬೇಡ."

ಸರಕಿನ ಗಾಡಿಯಲ್ಲಿ ಕಪಾಟು ಮನೆ ಬಾಗಿಲಿಗೆ ಬಂದಾಗ ಅಮ್ಮ ಕೈಯಲ್ಲಿದ್ದ ದಿಂಬನ್ನು ಕೆಳಗಿಡದೆ ಎದ್ದು ಬಂದಳು.

"ಇದನ್ನ ಎಲ್ಲಿಡ್ತೀಯ? ನನ್ನ ತಲೆ ಮೇಲಾ?"

ಇಡಲು ಇದ್ದದ್ದು ಒಂದೇ ಜಾಗ, ಮುಂದಿನ ಕೋಣೆ. ಹೊರಗೆ ಇಟ್ಟರೆ ಬೀದಿಯ ಧೂಳು, ಅಡುಗೆಮನೆಯಲ್ಲಿ ಇಟ್ಟರೆ ಒಗ್ಗರಣೆಯ ಜಿಡ್ಡು, ಮಲಗುವ ಕೋಣೆಯಲ್ಲಿ ಇಟ್ಟರೆ ಮಲಗುವವರು ನಿಲ್ಲಬೇಕು. ಕೊನೆಗೆ ಹತ್ತಿಯ ಮೂಟೆಗಳು ಒಂದರ ಮೇಲೊಂದು ಏರಿದವು, ಕಪಾಟು ಕಿಟಕಿಯ ಪಕ್ಕ ನಿಂತಿತು, ಅಪ್ಪನ ಓಡಾಟದ ರಸ್ತೆ ಇಕ್ಕಟ್ಟಾಯಿತು.

ಮೊದಲ ವಾರ ಚೆನ್ನಾಗಿಯೇ ಕಳೆಯಿತು. ಹಳೆಯ ಬಣ್ಣ ಕೆರೆದು ಉಜ್ಜುವುದು ಮಗಳಿಗೆ ಅನ್ನ ತಿಂದಷ್ಟು ಸಲೀಸು. ಬಾಗಿಲುಗಳನ್ನು ಕಳಚಿ ಮೆಟ್ಟಿಲ ಮೇಲೆ ಕೂತು, ಮರದ ಎಳೆಯ ಜಾಡಿನಲ್ಲೇ ಉಜ್ಜಿದಳು. ಕುಳಿಗಳಿಗೆ ಪುಟ್ಟಿ ತುಂಬಿದಳು, ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಪ್ರೈಮರ್ ಬಳಿದು ಒಣಗಿಸಿ ಅದನ್ನೂ ಉಜ್ಜಿದಳು. ಅಜ್ಜಿ ಬಂದು ಸವರಿ ನೋಡಿ ಎಳೆ ಮಗುವಿನ ಕೆನ್ನೆ ಎಂದಳು. ಮಗಳ ಮುಖ ಅರಳಿತು. ಸಂಜೆ ನೀಲಿ ಬಣ್ಣದ ಮೊದಲ ಕೋಟು ಬಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ನೀಲಿ ಬಾಗಿಲಿಗೆ ಬಿಳಿ ನವಿರು ಎದ್ದಿತ್ತು. ಹಗಲೆಲ್ಲ ಕೋಣೆಯಲ್ಲಿ ಹಾರಾಡಿದ ಹತ್ತಿಯ ಎಳೆಗಳು ಇಳಿಯಲು ಬೇರೆ ಜಾಗವೇ ಇಲ್ಲವೆಂಬಂತೆ ಹಸಿ ಬಣ್ಣದ ಮೇಲೆ ಇಳಿದು ಅಲ್ಲೇ ನೆಲೆಸಿದ್ದವು.

"ಅಮ್ಮ, ಇದೇನು ಕಪಾಟಾ, ಕಂಬಳಿಯಾ?"

"ನನ್ನನ್ನ ಕೇಳಿದ್ರೆ? ಹತ್ತಿ ಇರೋ ಮನೆಗೆ ಬಣ್ಣ ತಂದೋಳು ನೀನು."

"ಒಂದೆರಡು ವಾರ ಹತ್ತಿ ಬಿಚ್ಚಬೇಡ."

"ಆರ್ಡರ್ ಕೊಟ್ಟಿರೋ ಹಾಸ್ಟೆಲಿನವರಿಗೆ ದಿಂಬಿನ ಬದಲು ನಿನ್ನ ಕಪಾಟು ಕೊಡ್ಲಾ? ತಲೆ ಕೆಳಗೆ ಇಟ್ಕೊಂಡು ಮಲಗ್ತಾರೆ."

ಅಪ್ಪ ನಡುವೆ ಬಾಯಿ ಹಾಕಿ ರಾಜಿ ಮಾಡಿಸಿದ. ಅಮ್ಮ ಮಧ್ಯಾಹ್ನದವರೆಗೆ ಮಾತ್ರ ಹತ್ತಿ ಹಿಂಜುವುದು, ಆಮೇಲೆ ಕೋಣೆ ಒರೆಸಿ ಬಿಟ್ಟುಕೊಡುವುದು. ಮಗಳು ಬಾಗಿಲನ್ನು ಮತ್ತೆ ಉಜ್ಜಿ ಮತ್ತೆ ಬಳಿದಳು. ಆ ಸಂಜೆ ಗಾಳಿಯಾಡಿದರೆ ಬೇಗ ಒಣಗುತ್ತದೆಂದು ಅಪ್ಪನೇ ಕಿಟಕಿ ತೆರೆದಿಟ್ಟ. ಬೀದಿಯ ಧೂಳು ಬಂತು, ಒಂದು ಸೊಳ್ಳೆ ಬಂದು ಬಲಬಾಗಿಲ ನಟ್ಟನಡುವೆ ಕಾಲು ಊರಿ ಸತ್ತಿತು. ಮಗಳು ಕಿಟಕಿ ಮುಚ್ಚಿಸಿ ಕಾಯಿದೆ ಜಾರಿ ಮಾಡಿದಳು. ಬಣ್ಣ ಒಣಗುವ ತನಕ ಫ್ಯಾನು ಹಾಕುವಂತಿಲ್ಲ, ಮುಂದಿನ ಕೋಣೆಗೆ ಯಾರೂ ಬರುವಂತಿಲ್ಲ, ಪೊರಕೆ ಮುಟ್ಟುವಂತಿಲ್ಲ.

"ಪೊರಕೆ ಬಿಟ್ಟು ನಾನೇನು ಮಾಡ್ಲಿ?" ಎಂದು ಅಜ್ಜಿ ಕೇಳಿದಳು.

"ಕೂತ್ಕೋ."

"ಕೂತು?"

ಅಪ್ಪ, ಅಮ್ಮ, ಅಜ್ಜಿ ಮೂವರೂ ಅಡುಗೆಮನೆಯಲ್ಲಿ ಒತ್ತೊತ್ತಾಗಿ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಪ್ಲಾಸ್ಟರಿನ ಅಂಚು ಕೆರೆದ. ಅಜ್ಜಿ ಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕಿದಳು. ಅಷ್ಟೆಲ್ಲ ಮಾಡಿಯೂ ಬೆಳಿಗ್ಗೆ ನೋಡಿದರೆ ಎಡಬಾಗಿಲ ಮೇಲೆ ಒಂದು ಹೆಬ್ಬೆರಳಿನ ಗುರುತು, ಪೋಲೀಸಿನವರು ಒತ್ತಿಸಿಕೊಂಡಷ್ಟು ಅಚ್ಚುಕಟ್ಟಾಗಿ. ಯಾರೂ ಒಪ್ಪಿಕೊಳ್ಳಲಿಲ್ಲ. ಅಪ್ಪನ ಎಡಗೈ ಹೆಬ್ಬೆರಳ ಉಗುರಿನ ಸಂದಿನಲ್ಲಿ ನೀಲಿ ಬಣ್ಣ ಕಂಡಾಗ, ಒಣಗಿತಾ ಅಂತ ನೋಡಿದೆ ಅಷ್ಟೇ ಎಂದ.

ಅಂದು ಊಟದ ಹೊತ್ತಿಗೆ ಮಗಳ ಸಿಟ್ಟು ನೆತ್ತಿಗೇರಿತ್ತು. ಅಪ್ಪನಿಗೆ ಹೇಳಲಾಗದ್ದನ್ನೆಲ್ಲ ಅಮ್ಮನ ಮೇಲೆ ಸುರಿದಳು. ಬಾಗಿಲಲ್ಲಿ ಹೆಬ್ಬೆರಳಿನ ಗುರುತಿನ ಜೊತೆಗೆ ಹತ್ತಿಯ ಎಳೆಗಳೂ ಅಂಟಿದ್ದವು, ಅದೇ ನೆಪ ಸಾಕಾಯಿತು.

"ಒರೆಸಿ ಕೊಡ್ತೀನಿ ಅಂದೆ. ಇದಾ ಒರೆಸಿದ್ದು?"

"ಗಾಳೀಲಿರೋದನ್ನ ಯಾವ ಬಟ್ಟೇಲಿ ಒರೆಸ್ಲಿ?"

"ನನ್ನ ಎದೆ ತುಂಬ ಮರದ ಪುಡಿ ತುಂಬ್ತಿದೆ ಅಮ್ಮ. ನಿನಗೆ ದಿಂಬಿಗೆ ಹತ್ತಿ ತುಂಬೋದೇ ಹೆಚ್ಚಾಯ್ತು."

ಅಮ್ಮ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಎದ್ದು ಕೈ ತೊಳೆದು ಬಂದು ಕೂತಳು. ಅವಳಿಗೆ ನೋವಾಗಿತ್ತು. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು, ಏಕೆಂದರೆ ಅವಳ ಕೈ ನಿಂತಿತ್ತು.

ಮಾರನೆಯ ದಿನ ಮಗಳು ಕೆಲಸದಿಂದ ಬರುವ ಹೊತ್ತಿಗೆ ಹತ್ತಿಯ ಮೂಟೆಗಳು ಇರಲಿಲ್ಲ. ಎದುರು ಮನೆಯವಳೂ ದಿಂಬು ತುಂಬುತ್ತಿದ್ದಳು, ಇಬ್ಬರ ನಡುವೆ ಮೊದಲಿಂದಲೂ ಪೈಪೋಟಿ. ಅಮ್ಮ ಹಾಸ್ಟೆಲಿನ ಇಡೀ ಆರ್ಡರನ್ನು ಅವಳಿಗೆ ಬಿಟ್ಟುಕೊಟ್ಟಿದ್ದಳು. ಅಪ್ಪ ಒಂದೇ ಕೈಯಲ್ಲಿ ಮೂಟೆಗಳನ್ನು ಬೀದಿ ದಾಟಿಸಿದ್ದ. ಎದುರು ಮನೆಯವಳು ಬಾಗಿಲಲ್ಲೇ ನಿಂತು, ಯಾಕಕ್ಕ ಕೈ ಸೋತಿತಾ ಎಂದು ಕೇಳಿದಳಂತೆ. ಈಗ ಕೋಣೆ ಖಾಲಿಯಾಗಿತ್ತು, ನೆಲ ಇನ್ನೂ ಒದ್ದೆಯಾಗಿತ್ತು.

"ತಗೋ, ಕೋಣೆ ನಿನ್ನದು. ಇನ್ನು ಯಾರ ಮೇಲೂ ದೂರು ಹೇಳಬೇಡ," ಎಂದಳು ಅಮ್ಮ.

ಮಗಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಸಂತೋಷ ತುಸು ಹೆಚ್ಚೇ ಆಯಿತೆಂದು ಹೇಳಬೇಕು. ಅಂದೇ ಬಾಗಿಲು ಉಜ್ಜಿ ಶುದ್ಧ ಮಾಡಿ, ರಜೆಯ ದಿನ ಮತ್ತೆ ಬಣ್ಣ ಬಳಿದಳು. ಒಂದು ಎಳೆ ಹತ್ತಿ ಇಲ್ಲ, ಸೊಳ್ಳೆ ಇಲ್ಲ, ಹೆಬ್ಬೆರಳಿಲ್ಲ. ಆದರೂ ಒಣಗಿದ ಮೇಲೆ ಬೆಳಕಿಗೆ ಅಡ್ಡ ಹಿಡಿದು ನೋಡಿದಾಗ ಕೆಲಸ ಕೆಟ್ಟಿತ್ತು. ಬಾಗಿಲ ತುಂಬ ಬ್ರಷ್ಷು ಎಳೆದ ಗೆರೆಗಳು, ಒದ್ದೆ ತಲೆಗೆ ಬಾಚಣಿಗೆ ಹಾಕಿದ ಹಾಗೆ.

ಏನಾಯಿತೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಬಳಿದು ಮುಗಿಸಿದ ಮೇಲೆ ಕೀಲಿನ ಬಳಿ ಒಂದು ಕಡೆ ತೆಳುವಾಗಿ ಕಂಡಿತ್ತು. ಅಲ್ಲಿ ಬ್ರಷ್ಷು ಮುಟ್ಟಿಸಿದಳು. ಮುಟ್ಟಿಸಿದ್ದು ಎದ್ದು ಕಂಡಿತು, ಅದನ್ನು ಸರಿ ಮಾಡಲು ಪಕ್ಕದಲ್ಲಿ ಎಳೆದಳು. ಅಷ್ಟು ಹೊತ್ತಿಗೆ ಬಣ್ಣ ಅರೆ ಬಿಗಿದಿತ್ತು. ಬಿಗಿದ ಬಣ್ಣದ ಮೇಲೆ ಬ್ರಷ್ಷು ಎಳೆದರೆ ಗೆರೆ ಬೀಳುತ್ತದೆ, ಮತ್ತೆ ಎಳೆದರೆ ಇನ್ನೂ ಆಳವಾಗುತ್ತದೆ. ಬಳಿದು ಬಿಟ್ಟುಬಿಡಬೇಕು, ಬಣ್ಣ ತಾನೇ ಹರಡಿಕೊಳ್ಳುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರು ಎಳೆದ ಇಂಥ ಗೆರೆಗಳನ್ನು ದಿನವೂ ಉಜ್ಜಿ ತೆಗೆಯುತ್ತ, ಇವರಿಗೆ ಕೈ ಸುಮ್ಮನಿಡಲು ಏನು ರೋಗ ಎಂದು ನಗುತ್ತಿದ್ದವಳು ಅವಳೇ.

ಅಮ್ಮ ಬಂದು ಬಾಗಿಲು ನೋಡಿದಳು. ಏನಾಯಿತು ಎಂದು ಕೇಳಿದಳು.

"ಇನ್ನೂ ಎಲ್ಲೋ ಹತ್ತಿ ಉಳಿದಿದೆ," ಎಂದುಬಿಟ್ಟಳು ಮಗಳು.

ಮಾತು ಬಾಯಿಂದ ಹೊರಬಿದ್ದ ಮೇಲೆ ಹಿಂದಕ್ಕೆ ಎಳೆಯಲು ಧೈರ್ಯ ಸಾಲಲಿಲ್ಲ. ಅಮ್ಮ ಪರದೆ ಕಳಚಿ ಒಗೆದಳು, ಏಣಿ ಹಾಕಿ ಗೋಡೆ ಒರೆಸಿದಳು, ಮಂಡಿಯೂರಿ ಬೆಂಚಿನ ಕೆಳಗೆ ತಲೆ ತೂರಿಸಿ ಮೂಲೆ ಮೂಲೆ ತಿಕ್ಕಿದಳು. ಅವಳ ಬೆನ್ನು ನೋಡುತ್ತ ನಿಂತ ಮಗಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಹಾಸ್ಟೆಲಿನ ದುಡ್ಡಿಲ್ಲದೆ ಆ ವಾರ ಊಟದಲ್ಲಿ ಮೊಟ್ಟೆ ನಿಂತಿತು. ಚಹಾ ಕಪ್ಪಾಯಿತು. ಆಲೂಗಡ್ಡೆ ಬೆಳಿಗ್ಗೆ ಬೇಯಿಸಿದ್ದಾಗಿ, ಮಧ್ಯಾಹ್ನ ಹುರಿದದ್ದಾಗಿ, ಸಂಜೆ ಬೇಳೆಯೊಳಗೆ ಮುಳುಗಿದ್ದಾಗಿ ಬಂತು. ಅಪ್ಪ ತಟ್ಟೆ ನೋಡಿ, ಮತ್ತೆ ನೀನೇನಾ ಎಂದು ಆಲೂಗಡ್ಡೆಯನ್ನೇ ಮಾತಾಡಿಸಿದ. ಯಾರೂ ನಗಲಿಲ್ಲ. ಅಮ್ಮನಿಗೆ ಕೈಗೆ ಕೆಲಸವಿಲ್ಲದೆ ಹುಚ್ಚು ಹಿಡಿದಂತಾಗಿತ್ತು. ಮನೆಯಲ್ಲಿದ್ದ ದಿಂಬುಗಳ ಹೊಲಿಗೆ ಬಿಚ್ಚಿ, ಹತ್ತಿ ಹೊರಗೆ ಬಾರದ ಹಾಗೆ ಮತ್ತೆ ಹೊಲಿಯುತ್ತಿದ್ದಳು. ಎದುರು ಮನೆಯಿಂದ ದಿಂಬು ಬಡಿಯುವ ಸದ್ದು ಕೇಳಿದಾಗಲೆಲ್ಲ ತಲೆಯೆತ್ತುತ್ತಿದ್ದಳು.

ಮಗಳು ಇನ್ನೊಮ್ಮೆ ಬಳಿದಳು. ಈ ಸಲ ಕೈ ಬಿಗಿ ಹಿಡಿಯುತ್ತೇನೆಂದು ಹಲ್ಲು ಕಚ್ಚಿ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು ದೂರ ಸರಿದಳು. ಬಾಗಿಲ ಅಂಚಿನಲ್ಲಿ ಒಂದು ಹನಿ ಇಳಿಯುತ್ತಿರುವ ಹಾಗೆ ಕಂಡಿತು. ಅದೊಂದನ್ನು ಒರೆಸಿಬಿಡುತ್ತೇನೆ ಎಂದು ಹತ್ತಿರ ಹೋದವಳು ಅರ್ಧ ಬಾಗಿಲು ಮತ್ತೆ ಬಳಿದು ಮುಗಿಸಿದ್ದಳು.

"ಗಡಿಬಿಡಿ," ಎಂದು ಹಿಂದಿನಿಂದ ಧ್ವನಿ ಬಂತು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. "ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಕಿವಿ ಕೇಳುತ್ತೆ. ನೀನು ಬಣ್ಣ ಮುಗೀತು ಅಂತ ಉಸಿರು ಬಿಟ್ಟ ಮೇಲೂ ಬ್ರಷ್ಷಿನ ಸದ್ದು ನಿಲ್ಲಲ್ಲ. ಮೊದ್ಲು ಸರ್ ಸರ್ ಅಂತ ಮೆತ್ತಗೆ ಕೇಳ್ತಿರುತ್ತೆ. ಆಮೇಲೆ ಪರ ಪರ ಅನ್ನುತ್ತೆ. ಹಾಳಾಗೋದು ಆವಾಗಲೇ ಅಲ್ವಾ?"

ಮಗಳು ಬ್ರಷ್ಷು ಕೆಳಗಿಟ್ಟಳು.

"ಅಮ್ಮನಿಗೆ ಹೇಳಬೇಡ ಅಜ್ಜಿ."

"ನಾನ್ಯಾಕೆ ಹೇಳ್ಲಿ?" ಎಂದಳು ಅಜ್ಜಿ. ಅವಳ ಬಾಯಲ್ಲಿ ಒಂದು ಗುಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತದ್ದನ್ನು ಆ ಮನೆ ಇದುವರೆಗೂ ಕಂಡಿರಲಿಲ್ಲ.

ತಿಂಗಳ ಕೊನೆ ಹತ್ತಿರವಾಯಿತು. ಕಾರ್ಖಾನೆಯಲ್ಲಿ ಮಾಲೀಕ ಎದುರು ಸಿಕ್ಕಾಗಲೆಲ್ಲ ಹುಬ್ಬೆತ್ತಿ ಕೇಳುತ್ತಿದ್ದ. ಹಿರಿಯ ಪೇಂಟರು ಕೇಳುತ್ತಿರಲಿಲ್ಲ, ನಗುತ್ತಿದ್ದ. ಮಗಳ ಕೆಮ್ಮು ಹೆಚ್ಚಾಗಿತ್ತು. ಉಳಿದಿದ್ದ ಬಣ್ಣ ಇನ್ನು ಎರಡು ಕೋಟು ಬಳಿಯಲು ಸಾಕಾಗುವಷ್ಟು. ಬಾಗಿಲನ್ನು ಮರದ ಮೈ ಕಾಣುವಷ್ಟು ಉಜ್ಜಿ, ಪ್ರೈಮರನ್ನೂ ಹೊಸದಾಗಿ ಬಳಿದಿಟ್ಟು, ಮುಂದೆ ಕೈಯಿಕ್ಕಲು ಹೆದರಿ ಕೂತಿದ್ದಳು. ಈ ಸಲವೂ ಕೆಟ್ಟರೆ ಒಳಕೋಣೆಯ ಆಸೆ ಬಿಟ್ಟು, ಹಳಬರ ಹಾಗೆ ಕೆಮ್ಮಿಕೊಂಡು ಉಜ್ಜುವುದೇ ಗತಿ.

ರಜೆಯ ಹಿಂದಿನ ಸಂಜೆ ಅಮ್ಮ ಬೇಳೆ ಬಡಿಸುತ್ತ ಹೇಳಿದಳು.

"ನಾಳೆ ಮಧ್ಯಾಹ್ನ ಬಳಿ. ಬಳಿದು ಮುಗೀತು ಅಂದ ತಕ್ಷಣ ಎಲ್ಲರೂ ಮನೆಗೆ ಬೀಗ ಹಾಕಿ ಹೊರಗೆ ಹೋಗೋದು. ಬೀಗದ ಕೈ ನನ್ನ ಹತ್ರ."

"ಹೊರಗೆ ಎಲ್ಲಿಗೆ?" ಎಂದ ಅಪ್ಪ.

"ನಿಮ್ಮ ಬಸ್ಸು ಇದೆಯಲ್ರೀ. ಸುತ್ತೋಣ."

ಅಪ್ಪನ ಮುಖಕ್ಕೆ ಎಷ್ಟೋ ದಿನಗಳ ಮೇಲೆ ಕಳೆ ಬಂತು. ನಾನು ಯಾಕೆ ಬರಬೇಕು, ಇಲ್ಲೇ ಕಾವಲಿರ್ತೀನಿ ಎಂದು ಮಗಳು ಗೊಣಗಿದಳು. ಎಲ್ಲರಿಗಿಂತ ಮೊದಲು ನೀನೇ ಬರಬೇಕು ಎಂದಳು ಅಮ್ಮ.

ಹಾಗೆಯೇ ನಡೆಯಿತು. ಮಗಳು ಬಾಗಿಲುಗಳನ್ನು ಮಲಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದುದ್ದ ಎಳೆದು ತೆಳ್ಳಗೆ ಬಳಿದಳು. ಕೊನೆಯ ಎಳೆತ ಮುಗಿದು ಅವಳು ಉಸಿರು ಬಿಟ್ಟದ್ದೇ ತಡ, ಅಜ್ಜಿ ಹೊಸ್ತಿಲಿಂದ ಆಯ್ತು ಎಂದು ಕೂಗಿದಳು, ಅಮ್ಮ ಬಂದು ಬ್ರಷ್ಷು ಕಿತ್ತುಕೊಂಡು ಥಿನ್ನರಿನ ಡಬ್ಬಿಗೆ ಅದ್ದಿದಳು. ಕೀಲಿನ ಬಳಿ ಎಡಗಡೆ ತೆಳುವಾಗಿದೆ, ಒಂದೇ ಒಂದು ಸಲ ಎಂದು ಮಗಳು ಹೇಳುತ್ತಿದ್ದಾಗಲೇ ಅವಳನ್ನು ಮಣಿಕಟ್ಟು ಹಿಡಿದು ಹೊರಗೆ ಎಳೆದು, ಬೀಗ ಜಡಿದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅದು ಅಪ್ಪನದೇ ರೂಟು. ಕಂಡಕ್ಟರು ಅಪ್ಪನನ್ನು ಕಂಡು ಹಲ್ಲು ಕಿರಿದು, ಮನೆಮಂದಿಗೆಲ್ಲ ಸೀಟು ಮಾಡಿಸಿಕೊಟ್ಟ. ಅಪ್ಪ ಕೂರಲಿಲ್ಲ. ಬದಲಿಗೆ ಬಂದಿದ್ದ ಡ್ರೈವರಿನ ಬೆನ್ನ ಹಿಂದೆ ನಿಂತು, ಈ ತಿರುವಿಗೆ ಗೇರು ಇಳಿಸಬೇಕು, ಆ ಹಳ್ಳಕ್ಕೆ ಬಲಕ್ಕೆ ತಿರುಗಿಸಬೇಕು ಎಂದು ಪಾಠ ಹೇಳಿದ. ಕೊನೆಗೆ ಡ್ರೈವರು, ಅಣ್ಣ ನೀವು ಕೂತ್ಕೊಂಡ್ರೆ ಬಸ್ಸು ಚೆನ್ನಾಗಿ ಓಡುತ್ತೆ ಎಂದ. ಅಜ್ಜಿ ಕಿಟಕಿಯ ಪಕ್ಕ ಕೂತು ಪ್ರತಿ ಸ್ಟಾಪಿಗೂ ಇದ್ಯಾವುದು ಎಂದು ಕೇಳುತ್ತಿದ್ದಳು. ಬಸ್ಸು ಮಾರುಕಟ್ಟೆ ದಾಟಿ, ಆಸ್ಪತ್ರೆ ದಾಟಿ, ಸೇತುವೆಯಾಚೆ ಕೊನೆಯ ಸ್ಟಾಪಿಗೆ ಹೋಗಿ ತಿರುಗಿ ಬಂತು. ತಮ್ಮ ಬೀದಿಯ ತಿರುವು ಕಂಡ ಕೂಡಲೇ ಮಗಳು ಎದ್ದು ನಿಂತಳು.

"ಕೂತ್ಕೋ," ಎಂದಳು ಅಮ್ಮ.

"ಒಂದು ಸಲ ಕಿಟಕಿಯಿಂದ ನೋಡಿ ಬರ್ತೀನಿ. ಮುಟ್ಟಲ್ಲ."

"ನೋಡಿದ್ರೆ ಮುಟ್ತೀಯ. ನಿನ್ನ ಕೈ ನನಗೆ ಗೊತ್ತಿಲ್ವಾ? ನನ್ನ ಕೈಯೇ ಅಲ್ವಾ ಅದು?"

ಬೀದಿ ಹಿಂದೆ ಸರಿಯಿತು. ಮಗಳು ಮುಂದಿನ ಸೀಟಿನ ಕಂಬಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಕೀಲಿನ ಬಳಿಯ ತೆಳು ಜಾಗ ಕಣ್ಣಿಗೆ ಕಟ್ಟಿದಂತಿತ್ತು. ಅದು ಒಣಗುತ್ತಿದೆ, ಹಾಗೆಯೇ ಒಣಗಿಬಿಡುತ್ತದೆ, ಇನ್ನು ಏನು ಮಾಡಿದರೂ ಆಗುವುದಿಲ್ಲ ಎಂದು ಜೀವ ಒದ್ದಾಡಿತು. ಅಮ್ಮನ ಕೈ ಅವಳ ಮಣಿಕಟ್ಟಿನ ಮೇಲೇ ಇತ್ತು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಅಪ್ಪ ಕೊನೆಗೂ ಕೂತ, ಕೂತಲ್ಲೇ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದ. ಅಜ್ಜಿ ನಿದ್ದೆ ಹೋದಳು.

ಬಿಸಿಲು ಇಳಿಯುವ ಮುಂಚೆ ಮನೆಗೆ ಬಂದರು. ಅಮ್ಮ ಬೀಗ ತೆಗೆದು ಮೊದಲು ತಾನೇ ಒಳಗೆ ಹೋಗಿ, ನೋಡಿ, ಆಮೇಲೆ ದಾರಿ ಬಿಟ್ಟಳು. ಕಿಟಕಿಯ ಬೆಳಕು ಬಾಗಿಲುಗಳ ಮೇಲೆ ಅಡ್ಡಲಾಗಿ ಬಿದ್ದಿತ್ತು. ಒಂದು ಗೆರೆ ಇರಲಿಲ್ಲ. ಕೀಲಿನ ಬಳಿಯ ತೆಳು ಜಾಗವನ್ನು ಮಗಳು ಹುಡುಕಿದಳು, ಸಿಗಲಿಲ್ಲ. ಅವಳು ಬಸ್ಸಿನಲ್ಲಿ ಒದ್ದಾಡುತ್ತಿದ್ದ ಹೊತ್ತಿಗೆ ಬಣ್ಣ ತನ್ನ ಪಾಡಿಗೆ ಹರಡಿಕೊಂಡು ಸಮವಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಎಲ್ಲಿಂದಲೋ ಬಂದ ಒಂದು ಎಳೆ ಹತ್ತಿ ಅಂಟಿತ್ತು. ಮಗಳ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಅವಳೇ ಅದನ್ನು ಹಿಂದಕ್ಕೆ ಎಳೆದು ಬೆನ್ನ ಹಿಂದೆ ಕಟ್ಟಿಕೊಂಡಳು.

"ಗಟ್ಟಿಯಾಗ್ಲಿ," ಎಂದಳು ಅಮ್ಮ. "ಆಮೇಲೆ ಉಜ್ಜಿ ತೆಗಿ. ಉಜ್ಜೋದು ನಿನಗೆ ಬರುತ್ತೆ."

ಬಣ್ಣ ಗಟ್ಟಿಯಾದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದಾಗ ಆ ಎಳೆ ಹೋಯಿತು. ಕೊನೆಯ ಕೋಟು ಬಳಿಯಲು ಮಗಳು ಅರ್ಧ ದಿನ ರಜೆ ಹಾಕಿದಳು, ಮನೆಯವರೆಲ್ಲ ಮತ್ತೊಮ್ಮೆ ಬಸ್ಸು ಹತ್ತಿದರು. ಈ ಸಲ ಬೀದಿಯ ತಿರುವಿನಲ್ಲಿ ಮಗಳು ಏಳಲಿಲ್ಲ, ಸೀಟಿನ ಅಂಚಿಗೆ ಸರಿದಳಷ್ಟೆ.

ಡಾಕ್ಟರಮ್ಮ ಕಾರ್ಖಾನೆಗೆ ಬಂದು, ಕನ್ನಡಕ ತೆಗೆದು, ಕಪಾಟಿನ ಪಕ್ಕದಲ್ಲಿ ತಲೆ ವಾಲಿಸಿ ಬೆಳಕಿನಲ್ಲಿ ನೋಡಿದರು. ಹುಳುಕು ಹುಡುಕಿಯೇ ಅಭ್ಯಾಸವಾದ ಕೈ. ಉಗುರಿನ ಹಿಂಬದಿಯಿಂದ ಬಾಗಿಲ ಮೇಲೆ ಮೆಲ್ಲಗೆ ಎಳೆಯುತ್ತ ಹೋದರು, ಉಗುರು ಎಲ್ಲೂ ನಿಲ್ಲಲಿಲ್ಲ. ಮಗಳು ಉಜ್ಜುವ ಸಾಲಿನಲ್ಲಿ ನಿಂತು ಕೆಮ್ಮು ತಡೆದುಕೊಂಡಿದ್ದಳು. ಗಾಡಿಗೆ ಏರಿಸಿ ಎಂದರು ಡಾಕ್ಟರಮ್ಮ, ಇನ್ನೊಂದು ಕಪಾಟು ಬೇಕು, ಇದೇ ಕೈಯಿಂದ ಎಂದರು. ಹಿರಿಯ ಪೇಂಟರು ಗಾಜಿನ ಬಾಗಿಲ ಹಿಂದೆ ಏನನ್ನೋ ಹುಡುಕತೊಡಗಿದ. ನಾಳೆಯಿಂದ ಒಳಕೋಣೆಗೆ ಬಾ ಎಂದ ಮಾಲೀಕ.

ಸುದ್ದಿ ಕೇಳಿ ಅಪ್ಪ ಎಡಗೈಯಲ್ಲೇ ಮೊಟ್ಟೆ ತಂದ. ಅವುಗಳಲ್ಲಿ ಒಂದು ಬೀದಿಯಲ್ಲೇ ಒಡೆದಿತ್ತು. ಊಟಕ್ಕೆ ಕೂತಾಗ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಮಗಳೊಬ್ಬಳು ಬಿಟ್ಟು. ಅವಳ ತಟ್ಟೆಯ ಮೊಟ್ಟೆ ಹಾಗೆಯೇ ಇತ್ತು.

"ಅಮ್ಮ, ಕೊನೆಗೆ ಹಾಳಾದದ್ದು ಹತ್ತಿಯಿಂದ ಅಲ್ಲ. ನನ್ನ ಕೈಯಿಂದ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಿ ಅಂತ ಹೇಳಿದೆ, ನೀನು ಗೋಡೆ ಎಲ್ಲ ತೊಳೆದೆ."

ಅಜ್ಜಿ ತನ್ನ ತಟ್ಟೆಯನ್ನು ಅತಿಯಾದ ಆಸಕ್ತಿಯಿಂದ ತಡಕಾಡಿದಳು.

"ಗೊತ್ತು," ಎಂದಳು ಅಮ್ಮ. "ಅತ್ತೆ ಅವತ್ತೇ ಹೇಳಿದ್ರು."

"ಮತ್ತೆ ಹತ್ತಿ ಯಾಕೆ ವಾಪಸ್ ತರಿಸ್ಲಿಲ್ಲ? ಹಾಸ್ಟೆಲಿನ ಆರ್ಡರಾದ್ರೂ ಉಳೀತಿತ್ತು."

"ತರಿಸಿದ್ರೆ ನಿನಗೆ ಮತ್ತೆ ಒಂದು ನೆಪ ಸಿಗ್ತಿತ್ತು." ಅಮ್ಮ ಮಗಳ ತಟ್ಟೆಗೆ ಉಪ್ಪು ಸರಿಸಿದಳು. "ನಿನ್ನ ಕೈ ಬಿಟ್ರೆ ದೂರೋದಕ್ಕೆ ಇನ್ನೇನೂ ಇರಬಾರದು ಅಂತ ಸುಮ್ಮನಿದ್ದೆ. ನನಗೆ ಸಿಟ್ಟಿಲ್ಲ ಅಂದ್ಕೋಬೇಡ. ಬೇಕಾದಷ್ಟಿದೆ. ಮೊದ್ಲು ತಿನ್ನು, ಆರಿಹೋಗ್ತಿದೆ."

ಮಗಳು ತಿಂದಳು. ಕಣ್ಣೀರು ಬಂತು, ಅದನ್ನು ಒರೆಸಿಕೊಂಡು ತಿಂದಳು.

ಹಾಸ್ಟೆಲಿನ ಆರ್ಡರು ಮತ್ತೆ ಬರಲಿಲ್ಲ, ಎದುರು ಮನೆಯವಳು ಬಿಟ್ಟುಕೊಡುವ ಪೈಕಿ ಅಲ್ಲ. ಮೂಟೆಗಳಲ್ಲಿ ಉಳಿದದ್ದನ್ನು ಮಾತ್ರ ಬೀದಿಯಾಚೆಯಿಂದ ಹೊರಿಸಿ ಕಳಿಸಿದಳು. ಬೆಳಿಗ್ಗೆ ಅಮ್ಮ ಒಂದು ಮೂಟೆ ಬಿಚ್ಚಿದಳು, ಅಂಗಡಿಯೊಂದರ ಸಣ್ಣ ಕೆಲಸಕ್ಕೆ. ಹತ್ತಿ ಕೋಣೆಯ ತುಂಬ ಎದ್ದಿತು. ಅಜ್ಜಿ ಪೊರಕೆ ಹಿಡಿದು ಬಂದಳು, ಅಪ್ಪ ತನ್ನ ರೂಟು ಮತ್ತೆ ಶುರು ಮಾಡಿದ. ಕೆಲಸಕ್ಕೆ ಹೊರಟಿದ್ದ ಮಗಳು ಚೀಲ ಕೆಳಗಿಟ್ಟು ಅಮ್ಮನ ಪಕ್ಕ ಕೂತು ಒಂದು ದಿಂಬು ತುಂಬಿದಳು. ಒಂದು ಕಡೆ ಉಬ್ಬಿದಂತೆ ಕಂಡಿತು, ತಟ್ಟಿದಳು. ಮತ್ತೆ ತಟ್ಟಿದಳು. ಅಮ್ಮ ನೋಡುತ್ತಿದ್ದುದನ್ನು ಕಂಡು ಕೈ ತೆಗೆದಳು.

"ತಟ್ಟು," ಎಂದಳು ಅಮ್ಮ. "ಇದಕ್ಕೇನೂ ಆಗಲ್ಲ."

ಹೊತ್ತಾಯಿತೆಂದು ಮಗಳು ಎದ್ದು ಬಾಗಿಲಿಗೆ ಓಡಿದಾಗ ಅಮ್ಮ ಹಿಂದೆಯೇ ಬಂದು ತಡೆದಳು. ಒಳಕೋಣೆಗೆ ಹೋಗುವವಳ ತಲೆಯಲ್ಲಿ, ಹೆಗಲಲ್ಲಿ, ತೋಳಿನ ಮೇಲೆ ಎಲ್ಲ ಹತ್ತಿಯ ಎಳೆಗಳಿದ್ದವು. ಅಮ್ಮ ಒಂದೊಂದಾಗಿ ಆರಿಸಿ ತೆಗೆದು ಮುಷ್ಟಿಯಲ್ಲಿ ಇಟ್ಟುಕೊಳ್ಳತೊಡಗಿದಳು. ಹೊತ್ತು ಮೀರುತ್ತಿತ್ತು, ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ ಸದ್ದು ಕೇಳಿತು. ಅಮ್ಮ ಮುಗಿಸುವ ತನಕ ಮಗಳು ಅಲುಗಾಡದೆ ನಿಂತಿದ್ದಳು.